ನಲ್ಲೋಡು ಕೂತ ಬೆಳಗು

ಕಳ್ಳಂಬೆಳ್ಳ
ಭಾನುವಾರ, ೧೯ ಜನವರಿ ೨೦೨೫

ನಾಯ್ನಾ,

ನಿನ್ನ ಮಗಳು ಮಂಗಳಗೌರಿಯ ನಮಸ್ಕಾರ. ಫೋನಿನಲ್ಲಿ ನಾನು ಏನು ಹೇಳಿದರೂ ನೀನು "ಆಯ್ತಮ್ಮ, ಮಳೆ ಇಲ್ಲ" ಎನ್ನುತ್ತೀಯ. ಕಿವಿ ಹೋದರೆ ಹೋಗಲಿ, ಕಣ್ಣು ಚೆನ್ನಾಗಿದೆಯಲ್ಲ. ಬೇವಿನ ಮರದ ಕೆಳಗೆ ಕೂತು ನಿಧಾನವಾಗಿ ಓದು. ತಮ್ಮ ಗೋಪಾಲನ ಕೈಗೆ ಮಾತ್ರ ಕೊಡಬೇಡ. ಅವನು ಅರ್ಧ ಓದಿ, ಮಿಕ್ಕಿದ್ದನ್ನು ತಾನೇ ಕಟ್ಟಿ ಹೇಳುತ್ತಾನೆ.

ವಿಷಯ ನಲ್ಲೋಡನದು. ನಮ್ಮ ಕುರಿರೊಪ್ಪದಲ್ಲಿ ಹುಟ್ಟಿದ, ಕರೀ ಮೈಗೆ ತಕ್ಕ ಹೆಸರಿನ ಆ ನಾಯಿಮರಿಯನ್ನು ಮದುವೆ ಆದ ಮೇಲೆ ನೀನೇ ನನ್ನ ಜೊತೆ ಕಳಿಸಿದೆ, "ಹೊಸ ಊರಲ್ಲಿ ನಿಂಗೆ ನಮ್ಮೋನು ಅಂತ ಒಬ್ಬ ಇರ್ಲಿ" ಎಂದು. ಬಂದ ವಾರದಲ್ಲೇ ಅವನು ನನ್ನನ್ನು ಬಿಟ್ಟು ರಕ್ಷಾಳ ಪಾಲಾದ. ಮದುವೆ ದಿನ ಚಪ್ಪರದ ಗಳ ಹಿಡಿದು ನಿಂತಿದ್ದಳಲ್ಲ, ನಿನ್ನ ಅಳಿಯನ ಮೊದಲ ಹೆಂಡತಿಯ ಮಗಳು, ಅವಳೇ.

ಹುಡುಗಿ ಕೆಟ್ಟವಳಲ್ಲ. ಹಾಕಿದ್ದು ಉಣ್ಣುತ್ತಾಳೆ, ಜಡೆಗೆ ತಲೆ ಕೊಡುತ್ತಾಳೆ. ಆದರೆ ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಸಾರು ಬೇಕಾದರೆ ತಟ್ಟೆ ಸದ್ದು ಮಾಡುವಳು. ಮಗು ಹೊಂದಿಕೊಂಡಿತಾ ಎಂದು ನೀನು ಕೇಳಿದಾಗಲೆಲ್ಲ ನಾನು ಹೂಂ ಅಂದೆ. ತಾಯಿಯನ್ನು ಕಳೆದುಕೊಂಡ ಮಗುವನ್ನು ಏನಂತ ಒತ್ತಾಯ ಮಾಡಲಿ, ಹೇಳು.

ಅವಳ ಶಾಲೆ ಹೆದ್ದಾರಿಯ ಆಚೆ ಇದೆ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನಲ್ಲೋಡು ಬೇಲಿ ನುಸುಳಿ ಅವಳ ಹಿಂದೆ ಓಡಿದ. ಲಾರಿ ಬ್ರೇಕ್ ಹಾಕಿದ ಸದ್ದು ನಮ್ಮ ಮನೆಗೇ ಕೇಳಿಸಿತು. ಹೋಗಿ ನೋಡುತ್ತೇನೆ, ರಸ್ತೆ ನಡುವೆ ನಾಯಿ, ಅದನ್ನು ತಬ್ಬಿಕೊಂಡು ರಕ್ಷಾ, ಪಕ್ಕದಲ್ಲೇ ಲಾರಿಯ ಮೂತಿ. ಇಬ್ಬರಿಗೂ ಏನೂ ಆಗಲಿಲ್ಲ, ಗಾಬರಿಯಾಗಬೇಡ.

ನಿನ್ನ ಅಳಿಯ ಟ್ರ್ಯಾಕ್ಟರನ್ನು ಹೊಲದಲ್ಲೇ ಬಿಟ್ಟು ಬಂದವರು ಬೈಯಲಿಲ್ಲ. ನಾಯಿಗೆ ಸರಪಳಿ ಹಾಕಿ, "ಸಿರಾ ಸಂತೆಗೆ ನಿಮ್ಮೂರ ಕುರಿ ಗಾಡಿ ಬತ್ತದಲ್ಲ, ಅದ್ರಾಗೆ ವಾಪಸ್ ಕಳಿಸ್ಬುಡಾನ. ನಾಯಿಗೋಸ್ಕರ ಮಗೀನ ಕಳ್ಕಳಕಾಯ್ತದಾ?" ಎಂದರು. ಆ ಮಾತನ್ನು ತಪ್ಪು ಅನ್ನುವುದು ಹೇಗೆ?

ಸಂಜೆ ನಾನು ಮುದ್ದೆ ಕಟ್ಟುತ್ತಿದ್ದೆ. ರಕ್ಷಾ ಅಡುಗೆಮನೆಯ ಹೊಸಿಲ ಮೇಲೆ ಬಂದು ನಿಂತಳು. "ಅದುನ್ನ ಕಳಿಸ್ಬ್ಯಾಡಿ. ಅಲ್ಲೇ ಕುಂತಿರು ಅಂದ್ರೆ ಕುಂತಿರಂಗೆ ಕಲಿಸ್ಬೋದು. ಮೊಬೈಲಾಗೆ ನೋಡಿವ್ನಿ," ಎಂದಳು. ನನ್ನೊಡನೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ನಾನು ನಿನ್ನ ಅಳಿಯನನ್ನು ಕಾಡಿ ಬೇಡಿ ಸಂಕ್ರಾಂತಿಯವರೆಗೆ ಗಡುವು ತೆಗೆದುಕೊಂಡೆ.

ಮೊದಮೊದಲು ನಗೆಪಾಟಲು. ಅವಳು "ಸಿಟ್" ಎನ್ನುವಳು, ಅವರಪ್ಪ "ಕುಂತ್ಕಳ್ಲಾ" ಎನ್ನುವರು, ನನ್ನ ಬಾಯಲ್ಲಿ ನಿನ್ನ ತೆಲುಗೇ, "ಕೂಚೋ". ನಾಯಿ ಮೂವರ ಮುಖ ನೋಡಿ ಆಕಳಿಸುತ್ತಿತ್ತು. ಒಂದೇ ಮಾತು ಇರಬೇಕೆಂದು ತೀರ್ಮಾನವಾಯಿತು. ಯಾರದು? ರಕ್ಷಾ ಸ್ವಲ್ಪ ಯೋಚಿಸಿ, "ನಿಮ್ದೇ ಇರ್ಲಿ, ಅದು ನಿಮ್ಮೂರಿಂದಲ್ವಾ" ಎಂದಳು. ಕೂರುವುದಕ್ಕೆ ಕೂಚೋ. ಅಲ್ಲೇ ಇರುವುದಕ್ಕೆ ಉಂಡು. ಎದ್ದು ಬರುವುದಕ್ಕೆ ಪಾ. "ಉಂಡು ಅಂದ್ರೆ ಊಟ ಮಾಡಿ ಅಂತಲ್ವಾ? ಪಾಪ, ತಟ್ಟೆ ಎಲ್ಲೈತೆ ಅಂತ ಹುಡುಕ್ತೈತೆ!" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಮನೆಯಲ್ಲಿ ಆ ನಗು ನಾನು ಕೇಳಿರಲಿಲ್ಲ.

ಕೂರುವುದನ್ನು ಬೇಗ ಕಲಿತ. ಹುರಿದ ಕಡಲೆಕಾಯಿ ಬೀಜವನ್ನು ಮೂಗಿಗೆ ಹಿಡಿದು ತಲೆಯ ಮೇಲಿಂದ ಹಿಂದಕ್ಕೆ ಒಯ್ದರೆ, ಅವನ ಮೋರೆ ಮೇಲೇಳುತ್ತದೆ, ಕುಂಡಿ ತಾನಾಗಿ ನೆಲ ಮುಟ್ಟುತ್ತದೆ. ಮುಟ್ಟಿದ ತಕ್ಷಣ ಬೀಜ. ಆದರೆ ಅಲ್ಲೇ ಇರುವುದಿದೆಯಲ್ಲ, ಅದು ಕಷ್ಟ. ಅಂಗೈ ತೋರಿಸಿ ಹಿಂದೆ ಸರಿದರೆ ಅವನೂ ಎದ್ದು ಬರುವನು. ಬೈದರೆ ಹೆದರಿ ಇನ್ನೂ ಹತ್ತಿರ ಬರುವನು. ದೂರದಿಂದ ಕರೆದು ಬೀಜ ಕೊಡುತ್ತಿದ್ದದ್ದೇ ನಮ್ಮ ತಪ್ಪು ಎಂದು ರಕ್ಷಾಳಿಗೆ ಹೊಳೆಯಿತು. ಎದ್ದು ಬಂದರೆ ಬೀಜ ಎಂದು ಅವನು ತಿಳಿದಿದ್ದ. ಆಮೇಲೆ ನಾವೇ ಅವನು ಕೂತಲ್ಲಿಗೆ ವಾಪಸು ಹೋಗಿ ಕೊಡತೊಡಗಿದೆವು. ಹೋದವರು ಬಂದೇ ಬರುತ್ತಾರೆ ಎಂದು ಅವನಿಗೆ ನಂಬಿಕೆ ಬರಬೇಕು, ಅಷ್ಟೇ ಎಂದಳು. ಇದನ್ನು ಹೇಳುವಾಗ ರಕ್ಷಾ ನನ್ನ ಕಡೆ ನೋಡಲಿಲ್ಲ. ನಾನು ಇನ್ನೊಂದು ಹಿಡಿ ಬೀಜ ಅವಳ ಕೈಗೆ ಹಾಕಿದೆ.

ಹಬ್ಬ ಕಳೆದು ಮೊನ್ನೆ ಶುಕ್ರವಾರ ಸರಪಳಿ ಬಿಚ್ಚಿದೆವು. ನಿನ್ನ ಅಳಿಯ ಕೆಲಸಕ್ಕೆ ಹೋಗದೆ ಬೇವಿನಕಡ್ಡಿ ಜಗಿಯುತ್ತಾ ನಿಂತಿದ್ದರು. ಗೇಟಿನ ಒಳಗೆ ನಲ್ಲೋಡು ಕೂತ. ರಕ್ಷಾ ಬ್ಯಾಗು ಏರಿಸಿಕೊಂಡು ನಡೆದಳು. ಅವನ ಮೈಯೆಲ್ಲ ಅದುರುತ್ತಿತ್ತು, ಗಂಟಲಲ್ಲೇ ಕುಯ್ಗುಟ್ಟಿದ. ಮುಂಗಾಲು ಒಂದು ಎದ್ದೇಬಿಟ್ಟಿತು. ಆಗ ಅವಳು ರಸ್ತೆ ಅಂಚಿನಿಂದ ತಿರುಗಿ ಕೂಗಿದಳು: "ಲೇ ನಲ್ಲೋಡಾ, ಉಂಡು! ಅಮ್ಮ ಹೇಳಗಂಟ ಏಳ್ಬ್ಯಾಡ!"

ಕಾಲು ಕೆಳಗಿಳಿಯಿತು. ಮಕ್ಕಳ ಜೊತೆ ಅವಳು ರಸ್ತೆ ದಾಟಿ ಶಾಲೆಯ ಗೇಟಿನೊಳಗೆ ಹೋದಳು. ಅಮ್ಮ ಎಂದಿದ್ದಳು, ಮೊದಲ ಸಲ. ನಾನು ಅತ್ತಲೇ ನೋಡುತ್ತಾ ನಿಂತುಬಿಟ್ಟೆ, ನಾಯ್ನಾ. ಎಷ್ಟೋ ಹೊತ್ತಿನ ಮೇಲೆ ನಿನ್ನ ಅಳಿಯ, "ಏಯ್, ಪಾ ಅನ್ನು. ಅದು ಇನ್ನೂ ಕುಂತೇ ಐತೆ, ನಿನ್ ಮಕ ನೋಡ್ಕಂಡು," ಎಂದರು. ಪಾ ಎನ್ನುವ ಬದಲು ನಾನೇ ಅವನ ಬಳಿ ಹೋದೆ. ಕೂತು ಅವನ ಕುತ್ತಿಗೆ ತಬ್ಬಿಕೊಂಡೆ.

ಕುರಿ ಗಾಡಿಯವರಿಗೆ ನಾಯಿ ಬರುವುದಿಲ್ಲವೆಂದು ಹೇಳಿಬಿಡು. ಬೆಳಗಿನ ಚಳಿಯಲ್ಲಿ ಮಂದೆ ಹಿಂದೆ ಹೋಗಬೇಡ, ಗೋಪಾಲ ಹೋಗಲಿ.

ನಿನ್ನ ಮಗಳು
ಮಂಗಳಗೌರಿ

ತಾ.ಕ.: ಲಕೋಟೆಯ ಮೇಲೆ ವಿಳಾಸ ಬರೆಯಲು ರಕ್ಷಾಳಿಗೆ ಕೊಟ್ಟಿದ್ದೆ. ಕಳ್ಳಿ, ಪೂರ್ತಿ ಓದಿದ್ದಾಳೆ. ಒಂದು ತಪ್ಪಿದೆ, ತಿದ್ದು ಎನ್ನುತ್ತಾಳೆ. ಶುಕ್ರವಾರ ಮೊದಲ ಸಲವಲ್ಲವಂತೆ. "ಹಿತ್ತಲಾಗೆ ನಲ್ಲೋಡನ ತಾವ ಕಲ್ಸಕ್ಕೆ ಸುರು ಮಾಡ್ದಾಗಿಂದ್ಲೂ ಅಂಗೇ ಅಂತಿದ್ದೆ ಕಣಮ್ಮ. ನಿನ್ ಮುಂದೆ ಅನ್ನಕ್ಕೆ ನಾಚ್ಕೆ ಆಯ್ತಿತ್ತು, ಅಷ್ಟೆಯಾ."