ಹಾಡುಗಾರ್ತಿಯ ತೋಳಿನಲ್ಲಿ ಅಬ್ಬಲಿಗೆ

ದೋಹಾ, ಅಲ್ ಮನ್ಸೂರಾ
ಶನಿವಾರ ಮಧ್ಯಾಹ್ನ

ವಿಟ್ಲದ ನನ್ನ ಪೂವಕ್ಕನಿಗೆ, ದೂರದಿಂದಲೇ ನಿಮ್ಮ ಕೈ ಹಿಡಿದು ಶಹನಾಝ್ ಹೇಳುವ ಸಲಾಂ.

ಅಕ್ಷರಗಳನ್ನು ದೊಡ್ಡದಾಗಿ ಬರೆಯುತ್ತಿದ್ದೇನೆ. ನಿಮ್ಮ ಕಣ್ಣಿನ ಪೊರೆ ತೆಗೆಸಿದ್ದಾರೆಂದು ನನ್ನ ಗಂಡ ಅನ್ಸಾರರ ಚಿಕ್ಕಪ್ಪನ ಮಗ ಯಾಕೂಬ್ ಹೇಳಿದರು. ಅವರು ಇವತ್ತು ಸಂಜೆ ಊರಿಗೆ ಹೊರಟಿದ್ದಾರೆ. ಈ ಕಾಗದವನ್ನು ಅವರೇ ನಿಮ್ಮ ಕೈಗೆ ಕೊಡುತ್ತಾರೆ. ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಫೋನಿನಲ್ಲಾದರೆ ನಾನು ಅರ್ಧ ಹೇಳಿ ಅರ್ಧ ನುಂಗಿಬಿಡುತ್ತೇನೆ. ಇಪ್ಪತ್ತೊಂದು ವರ್ಷ ಹಾಗೆಯೇ ನುಂಗಿದ್ದೇನೆ.

ನಿಮ್ಮ ಜಗಲಿಯಲ್ಲಿ ಕುಳಿತು ಹೊಲಿಗೆ ಕಲಿತ ಹುಡುಗಿ ನಿನ್ನೆ ಒಬ್ಬ ಜಪಾನಿ ಹಾಡುಗಾರ್ತಿಯ ಬಟ್ಟೆಗೆ ಸೂಜಿ ಹಾಕಿದಳು, ಪೂವಕ್ಕ. ಆಕೆ ಅದನ್ನು ತೊಟ್ಟು ಹನ್ನೆರಡು ಸಾವಿರ ಜನರ ಮುಂದೆ ಹಾಡಿದಳು. ಮೊದಲಿನಿಂದಲೇ ಹೇಳುತ್ತೇನೆ.

ಹಾಡುಗಾರ್ತಿಯ ಹೆಸರು ಮಿನೋರಿ. ನನ್ನ ಮಗಳು ಫಾಹಿಮಾಳಿಗೆ ಈಗ ಹದಿನೈದು. ಎರಡು ವರ್ಷಗಳಿಂದ ನಮ್ಮ ಮೂವರ ಮನೆಯಲ್ಲಿ ಈ ಮಿನೋರಿ ನಾಲ್ಕನೆಯವಳಾಗಿ ಇದ್ದಾಳೆ. ಬೆಳಿಗ್ಗೆ ತಲೆ ಬಾಚುವಾಗ ಅವಳ ಹಾಡು, ಓದುವಾಗ ಅವಳ ಹಾಡು. ಕನ್ನಡ ಅಕ್ಷರ ಓದಲು ತಡವರಿಸುವ ನನ್ನ ಮಗಳು ಜಪಾನಿ ಹಾಡುಗಳನ್ನು ಬಾಯಿಪಾಠ ಒಪ್ಪಿಸುತ್ತಾಳೆ. ಮಿನೋರಿ ಈ ವರ್ಷ ಏಷ್ಯಾವನ್ನೆಲ್ಲ ಸುತ್ತಿ ಹಾಡುತ್ತಾಳೆ, ಸೋಲ್, ತೈಪೆ, ಬ್ಯಾಂಕಾಕ್, ಮುಂಬೈ ಆಗಿ ದೋಹಾಕ್ಕೂ ಬರುತ್ತಾಳೆ ಎಂಬ ಸುದ್ದಿ ಬಂದ ದಿನ ಇವಳು ಶಾಲೆಯ ಬಸ್ಸಿನಿಂದ ಇಳಿದವಳೇ ಮೆಟ್ಟಿಲ ಮೇಲೆ ಕುಳಿತು ಅಳತೊಡಗಿದಳು. ಯಾರಿಗೋ ಏನೋ ಆಯಿತೆಂದು ನಾನು ಬರಿಗಾಲಲ್ಲಿ ಓಡಿದೆ. "ಉಮ್ಮಾ, ಶೀ ಈಸ್ ಕಮಿಂಗ್ ಹಿಯರ್," ಅಂದಳು. ಅವತ್ತಿನಿಂದ ಫ್ರಿಜ್ಜಿನ ಬಾಗಿಲ ಮೇಲೆ ಊರುಗಳ ಪಟ್ಟಿ. ಒಂದೊಂದು ಊರು ಮುಗಿದಂತೆ ಗೀಟು ಹಾಕುವಳು. ನಿನ್ನೆ ಬೆಳಿಗ್ಗೆ ಗೆಳತಿ ಮತ್ತು ಅವಳ ತಾಯಿಯ ಜೊತೆ, ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಲ್ಲಬೇಕೆಂದು ಹೊರಟುಹೋದಳು.

ಶುಕ್ರವಾರವಲ್ಲವೇ, ಅನ್ಸಾರ್ ಜುಮಾ ನಮಾಝ್ ಮುಗಿಸಿ ಬಂದಿದ್ದರು. ನಾನು ಬಿರಿಯಾನಿಯ ಮುಚ್ಚಳ ತೆಗೆಯುತ್ತಿದ್ದೆ. ಆಗ ಫಿಡೆಲಿಸರ ಫೋನ್ ಬಂತು. ಇವರು ಮಂಗಳೂರಿನವರು, ಇಲ್ಲಿ ದೊಡ್ಡ ಕಾರ್ಯಕ್ರಮಗಳಿಗೆ ವೇದಿಕೆ ಕಟ್ಟುವ ಕಂಪೆನಿಯಲ್ಲಿದ್ದಾರೆ. ನಾನು ಮನೆಯಲ್ಲೇ ಗುರುತಿನವರ ಬಟ್ಟೆ ಹೊಲಿದುಕೊಡುತ್ತೇನಲ್ಲ, ಅವರ ಮಗಳ ಬಿಳಿ ಫ್ರಾಕನ್ನೂ ನಾನೇ ಹೊಲಿದದ್ದು.

"ಶಹನಾಝಕ್ಕ, ಊಟ ಆಮೇಲೆ ಮಾಡುವ. ನಿಮ್ಮ ಸೂಜಿ, ನೂಲು ಎಲ್ಲ ಹಿಡ್ಕೊಂಡು ಕೆಳಗೆ ಬನ್ನಿ, ಗಾಡಿ ನಿಂತುಂಟು," ಅಂದರು.

ದಾರಿಯಲ್ಲಿ ವಿಷಯ ತಿಳಿಯಿತು. ಕೊನೆಯ ಹಾಡಿಗೆ ಮಿನೋರಿ ತೊಡುವ ನಿಲುವಂಗಿಯ ತೋಳು ಸಾಮಾನಿನ ಪೆಟ್ಟಿಗೆಯ ಗಾಲಿಗೆ ಸಿಕ್ಕಿ ಹರಿದಿತ್ತು. ತಂಡದ ಜೊತೆಗಿದ್ದ ದರ್ಜಿ ಮುಂಬೈಯಲ್ಲಿ ಕಾಯಿಲೆ ಬಿದ್ದು ಟೋಕಿಯೋಕ್ಕೆ ಮರಳಿದ್ದಾನೆ. ಇಲ್ಲಿನ ಇಬ್ಬರು ದರ್ಜಿಗಳು ಬಂದು ನೋಡಿ, ಇಷ್ಟು ಹಳೆಯ ಬಟ್ಟೆಯನ್ನು ಮುಟ್ಟುವುದಿಲ್ಲ ಎಂದು ವಾಪಸು ಹೋಗಿದ್ದಾರೆ. ನನಗೆ ಗಾಡಿಯಿಂದ ಹಾರಿಬಿಡೋಣ ಅನ್ನಿಸಿತು. ಇನ್ನೊಂದು ಕಡೆ, ನನ್ನ ಮಗಳ ಮಿನೋರಿಯನ್ನು ಕಣ್ಣಾರೆ ನೋಡುವ ಆಸೆಯೂ ಇತ್ತು.

ವೇದಿಕೆಯ ಹಿಂದೆ ಒಂದು ತಣ್ಣನೆಯ ಕೋಣೆ. ಬಟ್ಟೆಗಳ ಮೇಲ್ವಿಚಾರಕಿ ಕುರೋದಾ ಎಂಬಾಕೆ, ನರೆಗೂದಲಿನ ಹೆಂಗಸು, ಮೇಜಿನ ಮೇಲೆ ಆ ನಿಲುವಂಗಿಯನ್ನು ಮಗುವನ್ನು ಮಲಗಿಸುವ ಹಾಗೆ ಹರಡಿದರು. ಕಡುನೀಲಿ ರೇಷ್ಮೆ, ಮೊಣಕಾಲಿನವರೆಗೆ ಇಳಿಬೀಳುವ ತೋಳು. ಮಿನೋರಿಯ ಅಜ್ಜಿಯ ಉಡುಪಿನಿಂದ ಮಾಡಿಸಿದ್ದಂತೆ. ಎಡಗಡೆಯ ತೋಳು ಒಂದು ಗೇಣು ಹರಿದಿತ್ತು. ಬೆರಳಿನಿಂದ ಸವರಿದೊಡನೆ ನನಗೆ ಗೊತ್ತಾಯಿತು, ಮಶೀನು ತಾಗಿಸಿದರೆ ಇದು ಅವಲಕ್ಕಿಯಂತೆ ಉದುರುತ್ತದೆ.

ನೀವು ಕಲಿಸಿದ್ದನ್ನೇ ಮಾಡಿದೆ. ಒಳಗಿನ ಮಡಿಕೆ ಬಿಚ್ಚಿ ಅದರದ್ದೇ ನೂಲನ್ನು ಎಳೆಎಳೆಯಾಗಿ ತೆಗೆದುಕೊಂಡೆ. ಹಿಂದುಗಡೆ ತೆಳ್ಳಗಿನ ಲೈನಿಂಗ್ ಇಟ್ಟು, ಅಡ್ಡ ಒಂದು, ಉದ್ದ ಒಂದು, ಹರಿದ ಎಳೆಗೆ ಎಳೆ ಸೇರಿಸುತ್ತ ಹೋದೆ. ಹೊರಗೆ ವಾದ್ಯಗಳನ್ನು ಪರೀಕ್ಷಿಸುತ್ತಿದ್ದರು. ಡ್ರಮ್ ಬಡಿದಾಗಲೆಲ್ಲ ಮೇಜು ಅದುರುವುದು, ನಾನು ಪೆಟ್ಟು ನಿಲ್ಲುವ ತನಕ ಸೂಜಿ ಎತ್ತಿ ಹಿಡಿಯುವುದು. ಮೂರೂವರೆ ಗಂಟೆ ತಲೆ ಎತ್ತಲಿಲ್ಲ. ಮುಗಿಸಿದಾಗ ಕುರೋದಾ ಕನ್ನಡಕ ಹಾಕಿ ನೋಡಿ, ಹರಿದ ಜಾಗ ಯಾವುದೆಂದು ನನ್ನನ್ನೇ ಕೇಳಿದರು. ಆ ಕ್ಷಣದಲ್ಲಿ ನೀವಿರಬೇಕಿತ್ತು ಪೂವಕ್ಕ.

ಇನ್ನು ಇಸ್ತ್ರಿಯೊಂದು ಬಾಕಿ. ಅಲ್ಲಿ ಅಕಾನೆ ಎಂಬ ಸಹಾಯಕಿ ಇದ್ದಳು, ಇಪ್ಪತ್ತರ ಆಸುಪಾಸಿನ ಹುಡುಗಿ. ಇಸ್ತ್ರಿಪೆಟ್ಟಿಗೆ ಕಾಯಿಸಿ ಕೊಟ್ಟಳು. ಒಂದು ಮೂಲೆಯಲ್ಲಿ ತಾಗಿಸಿ ನೋಡಬೇಕಿತ್ತು. ನಾನು ಹೊಗಳಿಕೆಯ ಅಮಲಿನಲ್ಲಿದ್ದೆ. ಮೇಲೊಂದು ಬಟ್ಟೆ ಹಾಸಿ ಒತ್ತಿಯೇಬಿಟ್ಟೆ. ಎತ್ತಿ ನೋಡಿದರೆ, ಹೊಲಿಗೆಯ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಕಂದುಕಲೆ.

ಇಲ್ಲಿ ನಿಲ್ಲಿಸಿ ನಿಮಗೊಂದು ವಿಷಯ ಹೇಳಬೇಕು. ಮೇಷ್ಟರ ಮಗಳ ಮದುವೆಯ ಹಸಿರು ಸೀರೆ ನೆನಪಿದೆಯಲ್ಲ? ಫಾಲ್ಸ್ ಹಚ್ಚಿ ಇಸ್ತ್ರಿ ಮಾಡೆಂದು ನನಗೆ ಕೊಟ್ಟು ನೀವು ಅಂಗಡಿಗೆ ಹೋಗಿದ್ದಿರಿ. ಅದನ್ನು ಸುಟ್ಟದ್ದು ನಾನು. ಸುಟ್ಟ ಭಾಗವನ್ನು ಮಡಿಕೆಯೊಳಗೆ ಸೇರಿಸಿಟ್ಟು, ತಲೆನೋವೆಂದು ಮನೆಗೆ ಓಡಿದ್ದೆ. ಮಾರನೆಯ ದಿನ ಅವರು ಸೀರೆ ಬಿಡಿಸಿ ಕೂಗಾಡುವಾಗ ನಾನು ನಾಲ್ಕು ಮಾರು ದೂರದಲ್ಲಿ ಗುಂಡಿಯ ಕಾಜಾ ಹೊಲಿಯುತ್ತಿದ್ದೆ. "ನನ್ನ ಕೈಯಿಂದ ತಪ್ಪಾಯಿತು ಮೇಷ್ಟ್ರೇ," ಎಂದಿರಿ ನೀವು. ಒಳಗೆ ಹೋಗಿ ನಿಮ್ಮದೇ ಮದುವೆಯ ಸೀರೆ ತಂದುಕೊಟ್ಟಿರಿ. ಆಮೇಲೆ ಆ ಕೇರಿಯಿಂದ ಯಾರೂ ನಿಮಗೆ ರೇಷ್ಮೆ ಕೊಡಲಿಲ್ಲ. ಆ ಸೀರೆ ಮುಟ್ಟಿದವರು ನಾವಿಬ್ಬರೇ, ಸುಟ್ಟದ್ದು ನಾನೆಂದು ನಿಮಗೆ ಗೊತ್ತಿತ್ತು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಎರಡು ತಿಂಗಳಲ್ಲಿ ಮದುವೆಯಾಗಿ ನಾನು ಕತಾರಿಗೆ ಬಂದೆ. ಊರಿಗೆ ಬಂದಾಗಲೆಲ್ಲ ನಿಮ್ಮ ಮನೆಯ ಕಡೆ ತಲೆಹಾಕದೆ ಹೋದದ್ದು ಪುರುಸೊತ್ತಿಲ್ಲದೆ ಅಲ್ಲ. ನಿಮ್ಮ ಮುಖ ನೋಡುವ ಧೈರ್ಯವಿರಲಿಲ್ಲ.

ನಿನ್ನೆ ಕುರೋದಾ ಆ ಕಲೆಯನ್ನು ನೋಡಿದವರೇ ಅಕಾನೆಯ ಕಡೆ ತಿರುಗಿ ಗಡಸಾಗಿ ಏನೋ ಅಂದರು. ಆ ಹುಡುಗಿ ಸೊಂಟ ಬಗ್ಗಿಸಿ, "ಸಾರಿ, ಸಾರಿ," ಎಂದಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಸ್ತ್ರಿ ಕಾಯಿಸಿದ್ದು ಅವಳೇ ತಾನೇ. ಬಗ್ಗಿದ ಅವಳ ಕುತ್ತಿಗೆಯನ್ನು ನೋಡುತ್ತ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಡುವೆ ಹೋಗಿ ನಿಂತು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ:

"ಅವಳಲ್ಲ. ನಾನು. ಇದು ನನ್ನ ಕೈಯಿಂದ ಆದದ್ದು."

ಆ ಹೊತ್ತಿಗೆ ಸರಿಯಾಗಿ ಮಿನೋರಿ ಬಂದಳು. ಫೋಟೋದಲ್ಲಿ ಕಂಡಷ್ಟು ಎತ್ತರವಿಲ್ಲ ಪೂವಕ್ಕ, ನನ್ನ ಭುಜಕ್ಕೆ ಬರುತ್ತಾಳೆ. ಅರ್ಧ ಮುಖಕ್ಕೆ ಮಾತ್ರ ಬಣ್ಣ ಹಚ್ಚಿತ್ತು. ಕುರೋದಾ ಎಲ್ಲ ಹೇಳಿದರು. ಮಿನೋರಿ ಕಲೆಯ ಮೇಲೆ ಬೆರಳಾಡಿಸಿದಳು. ಅವಳಿಗೆ ಬೇಸರವಾಗಿತ್ತು, ಅದನ್ನು ಅಡಗಿಸಲಿಲ್ಲ. ಆಮೇಲೆ ನನ್ನನ್ನು ಕೇಳಿದಳು, "ನೀವೇ ಏನಾದರೂ ಮಾಡಬಲ್ಲಿರಾ?"

ಆಗ ಆರು ಗಂಟೆ ದಾಟಿತ್ತು. ಕೊನೆಯ ಹಾಡು ಒಂಬತ್ತಕ್ಕೆ. ಕಲೆಯನ್ನು ತೆಗೆಯುವಂತಿರಲಿಲ್ಲ, ಮುಚ್ಚಬಹುದಿತ್ತು. ನೂಲಿನ ಡಬ್ಬ ತೆರೆದಾಗ ಮೇಲೆಯೇ ಇದ್ದದ್ದು ಕಿತ್ತಳೆ ಬಣ್ಣದ ರೇಷ್ಮೆ ನೂಲು. ಆ ಬಣ್ಣ ಕಂಡದ್ದೇ ತಡ ನಿಮ್ಮ ತುರುಬು ನೆನಪಾಯಿತು, ತುರುಬಿನ ಸುತ್ತ ನೀವು ಮುಡಿಯುತ್ತಿದ್ದ ಅಬ್ಬಲಿಗೆ ನೆನಪಾಯಿತು. ಕುರೋದಾರಿಗೆ ಕಾಗದದ ಮೇಲೆ ಆ ಹೂವಿನ ಚಿತ್ರ ಬರೆದು ತೋರಿಸಿದೆ. ಅವರು ಮಿನೋರಿಯ ಮುಖ ನೋಡಿದರು, ಮಿನೋರಿ ತಲೆಯಾಡಿಸಿದಳು. ಕಡುನೀಲಿಯ ಮೇಲೆ ಅಬ್ಬಲಿಗೆಯ ಎಸಳು ಒಂದೊಂದೇ ಅರಳಿಸಿದೆ. ಕಲೆ ಮುಚ್ಚಿದ ಮೇಲೂ ನಿಲ್ಲಿಸದೆ ಮುಂಗೈಯ ತನಕ ಒಂದು ಎಳೆ ಮಾಲೆ ಇಳಿಸಿದೆ. ಅಕಾನೆ ನನ್ನ ಪಕ್ಕ ಕುಳಿತು ಸೂಜಿಗೆ ನೂಲು ಪೋಣಿಸಿ ಪೋಣಿಸಿ ಕೊಟ್ಟಳು. ಅಷ್ಟರಲ್ಲಿ ಹೊರಗೆ ಹಾಡು ಶುರುವಾಗಿ, ಜನರ ಕೂಗು ಗೋಡೆ ದಾಟಿ ಬರುತ್ತಿತ್ತು. ಆ ಕೂಗಿನಲ್ಲಿ ನನ್ನ ಮಗಳದ್ದೂ ಒಂದಿತ್ತು. ಅವಳಿಗೆ ಏನೂ ಗೊತ್ತಿರಲಿಲ್ಲ.

ಎಂಟೂ ಮುಕ್ಕಾಲಿಗೆ ಮುಗಿಯಿತು. ಬಟ್ಟೆ ಬದಲಿಸಲು ಬೆವರುತ್ತ ಓಡಿಬಂದ ಮಿನೋರಿ ತೋಳು ನೋಡಿ ಹೂವಿನ ಹೆಸರು ಕೇಳಿದಳು. ಹೇಳಿದೆ. ಎರಡು ಸಲ ಹೇಳಿಸಿಕೊಂಡಳು.

ವೇದಿಕೆಯ ಪಕ್ಕದ ಪರದೆಯ ಸಂದಿಯಲ್ಲಿ ಫಿಡೆಲಿಸ್ ನನ್ನನ್ನು ನಿಲ್ಲಿಸಿದರು. ಮೈದಾನದಷ್ಟು ದೊಡ್ಡ ಸಭಾಂಗಣದ ತುಂಬ ನೀಲಿ ದೀಪಗಳು ತೂಗುತ್ತಿದ್ದವು. ಮಿನೋರಿ ಎಡಗೈಯನ್ನು ಮೇಲೆತ್ತಿ ಇಂಗ್ಲಿಷಿನಲ್ಲಿ ಮಾತಾಡಿದಳು. ಇದು ನನ್ನ ಅಜ್ಜಿಯದು, ಇವತ್ತು ಹರಿಯಿತು, ಈ ಊರಿನ ಒಬ್ಬರು ತಾಯಿ ಹೊಲಿದುಕೊಟ್ಟರು, ಹೂವೂ ಅವರದೇ, ಇದರ ಹೆಸರು "ಅಬ್ಬುರಿಗೆ" ಎಂದಳು. ಹನ್ನೆರಡು ಸಾವಿರ ಜನ "ಅಬ್ಬುರಿಗೆ" ಎಂದು ಕೂಗಿದರು. ನಗು ಬಂತು, ಅಳುವೂ ಬಂತು. ಅವಳು ಹಾಡಿದ್ದರಲ್ಲಿ ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ತೋಳನ್ನು ಮಾತ್ರ ನೋಡುತ್ತಿದ್ದೆ. ಎಲ್ಲೂ ಒಂದೆಳೆ ಬಿಡಲಿಲ್ಲ.

ಹಾಡು ಮುಗಿದ ಮೇಲೆ ಬಾಗಿಲಲ್ಲಿ ಫಾಹಿಮಾ ಸಿಕ್ಕಿದಳು. ಅವಳನ್ನು ಕರೆದುಕೊಂಡು ಹೋಗಲು ಬಂದಿದ್ದೇನೆಂದು ತಿಳಿದು, ಕೂಗಿ ಕೂಗಿ ಒಡೆದ ದನಿಯಲ್ಲಿ ಎಲ್ಲ ವರದಿ ಒಪ್ಪಿಸಿದಳು. "ಉಮ್ಮಾ, ವಾಟ್ ಈಸ್ ಅಬ್ಬುರಿಗೆ?" ಎಂದು ಕೇಳಿದಳು. ಅಬ್ಬಲಿಗೆ ಅಂದರೆ ನಮ್ಮ ಊರಿನ ಹೂವು, ಅದನ್ನು ಹೊಲಿದದ್ದು ನಾನು ಎಂದೆ. ಅವಳು ನಂಬಲಿಲ್ಲ. ಆಮೇಲೆ ಕಿತ್ತಳೆ ನೂಲಿನ ಚೂರು ಅಂಟಿದ್ದ ನನ್ನ ಬೆರಳುಗಳನ್ನು ಹಿಡಿದುಕೊಂಡವಳು ಮನೆ ಬರುವ ತನಕ ಬಿಡಲಿಲ್ಲ. ಹೊಲಿಗೆ ಯಾರು ಕಲಿಸಿದರು ಎಂದು ಮೊದಲ ಸಲ ಕೇಳಿದಳು. ನಿಮ್ಮ ಹೆಸರು ಹೇಳಿದೆ. ಸೀರೆಯ ವಿಷಯವನ್ನೂ ಹೇಳಿದೆ.

ಇವತ್ತು ಬೆಳಿಗ್ಗೆ ಫಿಡೆಲಿಸ್ ಮತ್ತೆ ಫೋನ್ ಮಾಡಿದರು. ತಂಡ ಮಸ್ಕತ್ತಿಗೆ, ಅಲ್ಲಿಂದ ದುಬೈಗೆ ಹೋಗುತ್ತದೆ, ಅವರ ದರ್ಜಿ ಬರುವ ಹಾಗಿಲ್ಲ, ಹತ್ತು ದಿನ ಜೊತೆಗೆ ಬರುತ್ತೀರಾ ಎಂದು ಕುರೋದಾ ಕೇಳಿದ್ದಾರಂತೆ. ತಪ್ಪನ್ನು ತಾನೇ ಒಪ್ಪಿಕೊಳ್ಳುವವಳು ಬೇಕು ಅಂದರಂತೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದೆ. ಚಹಾ ಕುಡಿಯುತ್ತಿದ್ದ ಅನ್ಸಾರ್, "ಕೇಳ್ಲಿಕ್ಕೆ ಎಂತ ಉಂಟು? ಪೆಟ್ಟಿಗೆ ಕಟ್ಟು," ಅಂದರು. ಫಾಹಿಮಾ ಆಗಲೇ ಅಟ್ಟದಿಂದ ಪೆಟ್ಟಿಗೆ ಇಳಿಸುತ್ತಿದ್ದಳು.

ಈಗಷ್ಟೇ ತಂಡದವರು ಕಳಿಸಿದ ಫಾರ್ಮನ್ನು ಅನ್ಸಾರ್ ತುಂಬಿದರು. ಉದ್ಯೋಗ ಎಂಬಲ್ಲಿ ಎಂದಿನಂತೆ ಗೃಹಿಣಿ ಎಂದು ಹಾಕಿದ್ದರು. ಅದನ್ನು ಅಳಿಸಿ ಎಂದೆ. ಮತ್ತೆಂತ ಬರೆಯುವುದು ಎಂದು ಕೇಳಿದರು.

"ಟೈಲರ್ ಅಂತ ಬರೀರಿ," ಅಂದೆ.

ಕ್ಷಮಿಸಿದ್ದೇನೆಂದು ನೀವು ಹೇಳಲೇಬೇಕಿಲ್ಲ ಪೂವಕ್ಕ. ಮುಂದಿನ ರಜೆಯಲ್ಲಿ ಮಗಳನ್ನು ಕರೆದುಕೊಂಡು ನಿಮ್ಮ ಜಗಲಿ ಹತ್ತುತ್ತೇನೆ. ಬೈಯುವುದಾದರೆ ಅವಳೆದುರೇ ಬೈಯಿರಿ. ಅಲ್ಲಿಯವರೆಗೆ ಸೃಷ್ಟಿಸಿದ ದೇವರು ನಿಮ್ಮ ಕಣ್ಣಿಗೆ ಬೆಳಕು ತುಂಬಲಿ, ಕೈಗೆ ನಡುಕ ಬಾರದಿರಲಿ.

ನಾಳೆ ಮಸ್ಕತ್ತಿಗೆ ಹೊರಟಿರುವ,
ನಿಮ್ಮ ಕೈಕೆಳಗೆ ಪಳಗಿದ
ಶಹನಾಝ್