ಮೀನಿನ ಕಲ್ಲು, ನಿಮ್ಮ ಪೆನ್ಸಿಲ್ ಗೆರೆ

ಮೇಷ್ಟ್ರೇ,

ಮೊದಲು ‘ಪೂಜ್ಯ’ ಎಂದು ಬರೆದಿದ್ದೆ, ಹೊಡೆದುಹಾಕಿದೆ. ಹೊಡೆದದ್ದು ನಿಮಗೆ ಕಾಣಲಿ ಎಂದೇ ಹಾಳೆ ಬದಲಾಯಿಸಿಲ್ಲ. ನೀವು ತೀರಿಕೊಂಡ ದಿನ ಎದೆ ಬಡಿದುಕೊಂಡು ಅತ್ತವಳು ನಾನು. ಈಗ ಆ ಅಳುವನ್ನು ವಾಪಸ್ ಕೇಳಬೇಕು ಅನ್ನಿಸುತ್ತಿದೆ.

ಒಂಬತ್ತನೇ ಕ್ಲಾಸಿನಲ್ಲಿ ನೀವು ನಮ್ಮನ್ನೆಲ್ಲ ಕೆರೆ ಏರಿಯ ಮೇಲೆ ಕೂರಿಸಿ ಪಾಠ ಮಾಡಿದ್ದು ನೆನಪಿದೆಯೇ? ದೇವನಹಳ್ಳಿ ಕಡೆ ವಿಮಾನ ನಿಲ್ದಾಣಕ್ಕೆ ಜಮೀನು ಅಳೆಯುತ್ತಿದ್ದ ಕಾಲ, ತೂಬಗೆರೆ ಬಸ್ಸಿನಲ್ಲೂ ಅದೇ ಮಾತು. ಸುಸ್ಥಿರ ಅಭಿವೃದ್ಧಿಯ ಬಗ್ಗೆ ಪುಸ್ತಕದಲ್ಲಿ ಇದ್ದದ್ದು ಎರಡೇ ಸಾಲು. ನೀವು ಮುನ್ನೂರು ವರ್ಷ ಹಿಂದಕ್ಕೆ ಹೋದಿರಿ. ಜರ್ಮನಿಯಲ್ಲಿ ಬೆಳ್ಳಿ ಗಣಿ ನೋಡಿಕೊಳ್ಳುತ್ತಿದ್ದ ಅಧಿಕಾರಿಯೊಬ್ಬ, ಗಣಿಗೆಂದು ಕಡಿದು ಕಡಿದು ಕಾಡೆಲ್ಲ ಬೋಳಾದದ್ದನ್ನು ಕಂಡು, ಬೆಳೆದಷ್ಟನ್ನೇ ಕಡಿಯಿರಿ ಎಂದು ಬರೆದನಂತೆ. ಆಮೇಲೆ ಎಷ್ಟೋ ಕಾಲ ಕಳೆದು, ಗಾಳಿ ನೀರು ಕೆಟ್ಟ ಮೇಲೆ, ದೇಶದೇಶದವರು ಸೇರಿ ಮಾತಾಡಿದರಂತೆ. ನೀವೆಲ್ಲ ಉಂಡು ತೇಗಿ ಈಗ ನಮಗೆ ಉಪವಾಸ ಹೇಳುತ್ತೀರಾ ಎಂದು ಬಡ ದೇಶದವರು ಮುನಿಸಿಕೊಂಡರಂತೆ. ಕೊನೆಗೆ ಚಳಿ ದೇಶದ ಹೆಂಗಸೊಬ್ಬರ ಮುಂದಾಳತ್ವದಲ್ಲಿ ಒಂದು ಸಮಿತಿ ದೇಶ ದೇಶ ಸುತ್ತಿ ವರದಿ ಬರೆಯಿತು. ಇವತ್ತಿನ ಹಸಿವು ತೀರಬೇಕು, ಹಾಗಂತ ನಾಳೆ ಹುಟ್ಟುವ ಮಕ್ಕಳ ತಟ್ಟೆಗೆ ಕೈ ಹಾಕಬಾರದು. ವರದಿಯ ಸಾರ ಇಷ್ಟೇ ಎಂದಿರಿ.

ಅಷ್ಟು ಹೇಳಿ ನೀವು ಕೆರೆಯ ನೀರು ಬಿಡುವ ತೂಬಿನ ಹತ್ತಿರ ನಿಂತಿದ್ದ ನಮ್ಮಪ್ಪನ ಕಡೆ ಕೈ ತೋರಿಸಿದಿರಿ. ಅಪ್ಪ ಊರಿನ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವ ಕೆಲಸ. ತೂಬಿನ ಕಂಬದ ಮೇಲೆ ಕೆತ್ತಿದ ಮೀನಿದೆ. ನೀರು ಇಳಿದು ಆ ಮೀನು ಕಂಡರೆ ತೂಬು ಮುಚ್ಚಬೇಕು. ಅದರ ಕೆಳಗಿನ ನೀರು ದನಕರುಗಳಿಗೆ, ಹಕ್ಕಿಗಳಿಗೆ, ಬರುವ ವರ್ಷಕ್ಕೆ. ಒಮ್ಮೆ ಗೌಡರೇ ಬಂದು, “ಪೈರು ಒಣಗ್ತಾ ಐತೆ, ಇನ್ನೊಂದು ದಿನ ಬಿಡು ಕಣ್ಲಾ” ಅಂದಾಗ ಅಪ್ಪ, “ಮೀನು ಕಂಡೈತೆ ಗೌಡ್ರೇ. ಇನ್ಮೇಲೆ ಈ ನೀರು ನಂದೂ ಅಲ್ಲ, ನಿಮ್ದೂ ಅಲ್ಲ” ಅಂದದ್ದನ್ನು ನೀವೇ ನಮಗೆ ಹೇಳಿದಿರಿ. “ಪ್ರಪಂಚದ ದೊಡ್ಡೋರು ಈಗ ಬರೆದದ್ದನ್ನ ನಮ್ಮ ಮುನಿಶಾಮಿ ದಿನಾ ಮಾಡ್ತಾನೆ ಕಣ್ರಪ್ಪ” ಅಂದಿರಿ. ನೀರುಗಂಟಿ ಮಗಳು ಎಂದು ಕ್ಲಾಸಿನ ಹಿಂದೆ ಕೂರುತ್ತಿದ್ದವಳು ನಾನು. ಮಾರನೇ ದಿನದಿಂದ ಮುಂದಿನ ಬೆಂಚಿಗೆ ಬಂದೆ. ಟೀಚರ್ ಆಗಬೇಕು ಎಂದು ಮನಸ್ಸು ಮಾಡಿದ್ದೂ ಆಗಲೇ.

ನಕ್ಷೆ ಓದುವುದನ್ನೂ ನೀವೇ ಕಲಿಸಿದ್ದು. ಗುಡ್ಡದಿಂದ ಕೆರೆಗೆ ಬರುವ ಕಾಲುವೆಯ ಉದ್ದಕ್ಕೂ ನಮ್ಮನ್ನು ನಡೆಸಿ, ಅದನ್ನೇ ಹಾಳೆಯ ಮೇಲೆ ಬರೆಸಿದ್ದಿರಿ. ಗೆರೆ ಒಂದು ಕಡೆ ತಪ್ಪಿದ್ದಕ್ಕೆ ನನ್ನ ಕೈಗೆ ಏಟು ಕೊಟ್ಟು, “ಇಲ್ಲಿ ಗೆರೆ ತಪ್ಪಿದ್ರೆ ಅಲ್ಲಿ ಕೆರೆ ಒಣಗುತ್ತೆ” ಎಂದಿರಿ. ಆ ಏಟನ್ನು ಎಷ್ಟು ಹೆಮ್ಮೆಯಿಂದ ನೆನೆಯುತ್ತಿದ್ದೆ ಗೊತ್ತೇ?

ಬಿ.ಎಡ್. ಮುಗಿಸಿ ಊರಿಗೆ ಬಂದಾಗ ತಲೆಯ ಮೇಲೆ ವಿಮಾನಗಳು ಹಾರಾಡುತ್ತಿದ್ದವು. ಗುಡ್ಡದ ಪಕ್ಕದಲ್ಲಿ ಬಡಾವಣೆ ಮಾಡುವವರು ಶಾಲೆಯ ಮುಂದೆ ಶಾಮಿಯಾನ ಹಾಕಿಸಿ ಸಭೆ ಕರೆದರು. ನಿವೃತ್ತರಾಗಿದ್ದ ನಿಮ್ಮನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಪೇಟ ಇಟ್ಟು, ಊರಿನವರಿಗೆ ಓದಿ ಹೇಳಿ ಎಂದು ಒಂದು ಕಡತ ಕೊಟ್ಟರು. ಮೊದಲ ಹಾಳೆಯಲ್ಲೇ ಹಸಿರು ಅಕ್ಷರದಲ್ಲಿ ‘ಸುಸ್ಥಿರ ಅಭಿವೃದ್ಧಿ’ ಎಂದಿತ್ತು. ಅದನ್ನು ನೀವು ಎರಡು ಸಲ ಓದಿದಿರಿ. ಕಾಲುವೆಯ ವಿಷಯ ಅಪ್ಪನಿಗೆ ಗೊತ್ತು, ಅವನು ಒಪ್ಪಿದರೆ ನಾವೂ ಒಪ್ಪುತ್ತೇವೆ ಎಂದು ಊರಿನವರು ಅಂದರು. ಅಪ್ಪ ಟವಲ್ಲು ಕಂಕುಳಿಗೆ ಸೇರಿಸಿ ಎದ್ದು ನಿಂತ.

“ಕಾಲುವೆ ಐತಾ ಮೇಷ್ಟ್ರೇ? ಒಸಿ ನೋಡಿ ಹೇಳಿ.”

“ಎಲ್ಲಾ ಇದೆ ಮುನಿಶಾಮಿ. ಹೆಬ್ಬೆಟ್ಟು ಒತ್ತು.”

ಅಪ್ಪ ಒತ್ತಿದ. ಹಿಂದಿನಿಂದ ಊರೆಲ್ಲ ಒತ್ತಿತು. ಆ ಕಡತದಲ್ಲಿ ನಕ್ಷೆ ಇದೆಯಾ, ನಾನೂ ನೋಡಲಾ ಎಂದು ಕೇಳಲು ನನಗೆ ಬಾಯಿ ಇರಲಿಲ್ಲವೇ? ಇತ್ತು. ಮೇಷ್ಟ್ರು ಓದಿದ್ದಾರಲ್ಲ ಎಂದು ಸುಮ್ಮನಿದ್ದೆ. ಆ ತಪ್ಪು ನನ್ನದೇ, ನಿಮ್ಮ ತಲೆಗೆ ಕಟ್ಟುವುದಿಲ್ಲ.

ವರ್ಷ ಕಳೆಯುವುದರೊಳಗೆ ಕಾಲುವೆ ಇದ್ದ ಕಡೆ ಟಾರು ರಸ್ತೆ ಬಂತು. ಒಳ್ಳೆ ಮಳೆ ಬಿದ್ದರೂ ಕೆರೆಗೆ ನೀರು ಬರಲಿಲ್ಲ. ನೀವು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿರಿ. ಪಾಪ, ನಮ್ಮ ಮೇಷ್ಟ್ರಿಗೂ ಟೋಪಿ ಹಾಕಿದರು ಎಂದು ಊರೆಲ್ಲ ಮರುಗಿತು. ನಿಮ್ಮ ಪರವಾಗಿ ಎಲ್ಲರಿಗಿಂತ ಜೋರಾಗಿ ವಾದ ಮಾಡಿದವಳು ನಾನೇ.

ಹೋದ ತಿಂಗಳು ನಿಮ್ಮ ಮನೆಯವರು, “ಅವರ ಪುಸ್ತಕ ಎಲ್ಲಾ ನೀನೇ ತಗೊಂಡೋಗಮ್ಮ ಮಂಜುಳ, ನಿನಗೆ ಉಪಯೋಗಕ್ಕೆ ಬರುತ್ತೆ” ಅಂದರು. ಟ್ರಂಕಿನಲ್ಲಿ, ಅಟ್ಲಾಸಿನೊಳಗೆ, ಆ ಬಡಾವಣೆಯ ನಕ್ಷೆ ಮಡಿಸಿಟ್ಟಿತ್ತು. ರಸ್ತೆ ಬರೆದಿದ್ದ ಜಾಗದಲ್ಲಿ ನಿಮ್ಮ ಪೆನ್ಸಿಲ್ ಗೆರೆ, ಗುಡ್ಡದಿಂದ ಕೆರೆವರೆಗೆ, ಒಂದು ಕಡೆಯೂ ತಪ್ಪಿಲ್ಲ. ಪಕ್ಕದಲ್ಲಿ ನಿಮ್ಮ ದುಂಡು ಅಕ್ಷರ: ‘ಕಾಲುವೆ ಎಲ್ಲಿ? ಕೇಳಬೇಕು.’ ಕೆಳಗೆ ಅಭ್ಯಾಸದಂತೆ ತಾರೀಖು ಹಾಕಿದ್ದೀರಿ. ಸಭೆಗೆ ಎರಡು ದಿನ ಮುಂಚಿನ ತಾರೀಖು. ಅಂದರೆ ನಕ್ಷೆಯನ್ನು ಅವರು ನಿಮಗೆ ಮೊದಲೇ ಕೊಟ್ಟಿದ್ದರು.

ಮೇಷ್ಟ್ರೇ, ಗೊತ್ತಿತ್ತಲ್ಲ. ಗೊತ್ತಿದ್ದೂ ನಮ್ಮಪ್ಪನ ಮುಖ ನೋಡಿಕೊಂಡು ಹೇಗೆ… ಒಂದು ಶಾಲು ಅಷ್ಟು ಭಾರವಿತ್ತೇ? ವೇದಿಕೆಯ ಮೇಲೆ ಅಷ್ಟು ಜನರ ಎದುರು, ಮರ್ಯಾದೆ ಮಾಡಿದವರನ್ನೇ ಪ್ರಶ್ನೆ ಕೇಳುವುದು ಹೇಗೆ ಎಂದು ಸಂಕೋಚವಾಯಿತೇ? ಅಥವಾ ಜೀವಮಾನವಿಡೀ ಪಾಠ ಮಾಡಿದ ಮಾತು ಅಚ್ಚಾಗಿ ಕೈಗೆ ಬಂದದ್ದೇ ಸಾಕು ಅನ್ನಿಸಿತೇ? ಅವರು ಮೋಸ ಮಾಡಿದ್ದು ನನಗೆ ನೋವಲ್ಲ. ಅವರು ಯಾರೋ. ನೀವು ನಮ್ಮವರಾಗಿದ್ದಿರಿ.

ನಿಮಗೆ ಗೊತ್ತಿಲ್ಲದ ಸುದ್ದಿಯೊಂದಿದೆ. ಕೆರೆ ಈಗ ತುಂಬಿದೆ. ಬೇಸಿಗೆಯಲ್ಲೂ ಇಳಿಯುವುದಿಲ್ಲ. ಬಡಾವಣೆಯ ಬಚ್ಚಲ ನೀರೆಲ್ಲ ಪೈಪಿನಲ್ಲಿ ಬಂದು ಬೀಳುತ್ತದೆ. ಮೇಲೆಲ್ಲ ನೊರೆ, ದನಗಳು ಮೂಸಿ ವಾಪಸ್ ಬರುತ್ತವೆ. ಮೀನಿನ ಕಲ್ಲು ಕಂಡು ಎಷ್ಟು ಕಾಲವಾಯಿತೋ! ಅಪ್ಪ ಈಗಲೂ ಬೆಳಗ್ಗೆ ಏರಿಗೆ ಹೋಗಿ ತೂಬು ನೋಡಿ ಬರುತ್ತಾನೆ.

ನಿನ್ನೆ ಧೈರ್ಯ ಮಾಡಿ ಆ ನಕ್ಷೆಯನ್ನು ಅಪ್ಪನಿಗೆ ತೋರಿಸಿದೆ. ನೀವು ಬರೆದದ್ದನ್ನು ಓದಿ ಹೇಳಿದೆ. ಅಪ್ಪ ನಿಮ್ಮ ಗೆರೆಯ ಮೇಲೆ ಬೆರಳಾಡಿಸಿ, ಕೆರೆ ಸಿಗುವ ಜಾಗದಲ್ಲಿ ನಿಲ್ಲಿಸಿದ.

“ನನಗೆ ಓದಕ್ಕೆ ಬರ್ತಿರ್ಲಿಲ್ಲ, ಅದಕ್ಕೆ ಕೇಳ್ದೆ” ಅಂದ. ಆಮೇಲೆ, “ಕೇಳ್ಬೇಕು ಅಂತ ಬರ್ದವ್ರಲ್ವಾ. ಈಗ ನೀನು ಕೇಳು.”

ಪೂರ್ವದ ಕಡೆ ಇನ್ನೊಂದು ಕಾಲುವೆ ಉಳಿದಿದೆ. ಅಲ್ಲಿಗೂ ಬಡಾವಣೆ ಬರುತ್ತಿದೆ, ನಾಳೆ ಸಭೆ. ಈಗ ನಾನು ಅದೇ ಶಾಲೆಯ ಟೀಚರ್, ಓದಿ ಹೇಳಲು ನನ್ನನ್ನು ಕರೆದಿದ್ದಾರೆ. ಶಾಲು ತಂದರೆ ಬೇಡ ಎನ್ನುತ್ತೇನೆ. ನಿಮ್ಮ ನಕ್ಷೆಯನ್ನು ಬಿಡಿಸಿ ಎಲ್ಲರಿಗೂ ತೋರಿಸಿ, ನೀವು ಬರೆದ ಪ್ರಶ್ನೆಯನ್ನು ನಿಮ್ಮ ಹೆಸರು ಹೇಳಿಯೇ ಕೇಳುತ್ತೇನೆ. ಯಾವತ್ತು ಬರೆದದ್ದು ಎಂದು ಯಾರಾದರೂ ಕೇಳಿದರೆ, ತಾರೀಖನ್ನೂ ಓದಿ ಹೇಳುತ್ತೇನೆ.

ಮುನಿಶಾಮಿಯ ಮಗಳು,
ಮಂಜುಳ