ಹಿಂದಿನ ಸೀಟಿನ ಬಿಲ್ಲೆ

ಮಾರ್ಚ್ 4, ಮಂಗಳವಾರ

ಇವತ್ತೂ ವಿಮಾನ ರಿಪೇರಿ ಶೆಡ್ಡಿನಲ್ಲಿ ಸ್ಟೋರ್ ಯಜಮಾನರ ಜೊತೆ ಜಟಾಪಟಿ. ಅವರ ಗೋಡೆ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿಗೂ ಒಂದೊಂದು ಮೊಳೆ. ಸಾಮಾನು ತಗೊಂಡವನು ಆ ಮೊಳೆಗೆ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ನೇತುಹಾಕಬೇಕು. ಮೊಳೆಯಲ್ಲಿ ಒಂದು ಬಿಲ್ಲೆ ಉಳಿದರೂ, ಸಾಮಾನು ಒಳಗೇ ಬಿದ್ದಿದೆಯೋ ಏನೋ ಅಂತ, ವಿಮಾನ ಕದಲುವಂತಿಲ್ಲ. ಸರಿ, ಒಪ್ಪಿದೆ. ಆದರೆ ಎರಡು ನಿಮಿಷದ ಟಾರ್ಚಿಗೂ ಬಿಲ್ಲೆಯಾ?

"ನನಗೆ ನೆನಪಿರುತ್ತೆ ಬಿಡಿ."

"ನಿನ್ನ ನೆನಪನ್ನ ಯಾರು ಕೇಳಿದ್ರಪ್ಪ? ಬಿಲ್ಲೆ ಕೊಡು."

ಹನ್ನೊಂದು ವರ್ಷದ ಸರ್ವಿಸ್ ನನ್ನದು. ಯಾವ ನಟ್ಟಿಗೆ ಎಷ್ಟು ಬಿಗಿ ಅಂತ ಪುಸ್ತಕ ತೆರೆಯದೆ ಹೇಳುತ್ತೇನೆ. ಮುದುಕನಿಗೆ ಅರಳುಮರಳು.

ಬೋಲ್ಟಿಗೆ ಹದಿನಾಲ್ಕು ತಿಂಗಳು ತುಂಬಿತು. ಮಗಳನ್ನು ಹಾಗೆ ಕರೆದರೆ ನನ್ನ ಹೆಂಡತಿಗೆ ಸಿಟ್ಟು — "ಹೆಣ್ಮಗೂಗೆ ಕಬ್ಬಿಣದ ಹೆಸರು!" ಸದ್ಯಕ್ಕೆ ಬೋಲ್ಟಿನ ಉದ್ಯೋಗ, ಎಡಗಾಲಿನ ಕಾಲುಚೀಲ ಕಿತ್ತು ಎಸೆಯುವುದು.

ಮಾರ್ಚ್ 6, ಗುರುವಾರ, ಬೆಳಿಗ್ಗೆ 7.15

ಇವಳಿಗೆ ಲ್ಯಾಬಿನಲ್ಲಿ ಬೆಳಗಿನ ಡ್ಯೂಟಿ. ಆಗಲೇ ಹೋದಳು. ಪರೀಕ್ಷೆಗೆ ರಕ್ತ ಕೊಡುವವರು ಹಸಿದುಕೊಂಡು ಬಂದಿರುತ್ತಾರೆ, ಕಾಯಿಸಬಾರದಂತೆ. ಶಿಶುವಿಹಾರಕ್ಕೆ ದಿನಾ ಆಟೋದಲ್ಲಿ ಬಿಡುವವಳು ಇವಳೇ. ಇವತ್ತು ನಾನು. ಬಾಟಲ್, ಡೈಪರ್, ಟೋಪಿ... ಎಲ್ಲ ಬಾಯಿಪಾಠ. ಹೊರಟೆ.

ಅದೇ ದಿನ, ಮಧ್ಯಾಹ್ನ 3

ಬರೆಯಬೇಕು, ನಡೆದದ್ದು ನಡೆದ ಹಾಗೆ.

ಸಿಗ್ನಲಿನಲ್ಲಿ ಬೋಲ್ಟು ಕಾಲುಚೀಲ ಎಸೆದಳು. ಎತ್ತಿ ಜೇಬಿಗೆ ಹಾಕಿಕೊಂಡೆ. ನಿದ್ದೆ ಹೋದಳು. ಫೋರ್‌ಮನ್ ಫೋನ್ — ನಟ್ಟು ಬಿಗಿಯೋ ಒಂದು ಸಾಕೆಟ್ ಕಾಣ್ತಿಲ್ಲ, ವಿಮಾನ ನಿಂತಿದೆ, ಬೇಗ ಬಾ. ಅಷ್ಟೇ. ಕಾರು ದಿನಾ ಹೋಗುವ ದಾರಿಯಲ್ಲೇ ಹೋಯಿತು. ಶಿಶುವಿಹಾರದ ತಿರುವು ಕಣ್ಣಿಗೇ ಬೀಳಲಿಲ್ಲ. ನಿಲ್ಲಿಸಿದೆ. ಲಾಕ್ ಮಾಡಿದೆ. ಓಡಿದೆ.

ಆರು ಜನ ಮಂಡಿಯೂರಿ ಬೆರಳಿನಷ್ಟು ದೊಡ್ಡ ಸಾಕೆಟ್ ಹುಡುಕುತ್ತಿದ್ದೆವು. "ಸಿಗೋವರೆಗೂ ಯಾರೂ ಆಚೆ ಹೋಗಂಗಿಲ್ಲ" ಅಂತ ಕೂಗಿದವನು ನಾನೇ! ಯಜಮಾನರು, ಎಲ್ಲರೂ ನಿಮ್ಮ ನಿಮ್ಮ ಬಿಲ್ಲೆ ತೋರಿಸಿ ಅಂದರು. ಜೇಬಿಗೆ ಕೈ ಹಾಕಿದೆ. ಸಿಕ್ಕಿದ್ದು ಕಾಲುಚೀಲ.

ಆಮೇಲೆ ಕಾರಿನ ಕಡೆ ಓಡಿದ್ದಷ್ಟೇ ಗೊತ್ತು.

ಬೋಲ್ಟಿನ ಕೂದಲು ಬೆವರಿಗೆ ತೊಯ್ದು ತಲೆಗೆ ಅಂಟಿತ್ತು. ಮುಖ ಕೆಂಡ. ಅಳುತ್ತಿರಲಿಲ್ಲ — ಅದೇ... ಎತ್ತಿಕೊಂಡ ಮೇಲೆ ಅತ್ತಳು. ಅಂಥ ಒಳ್ಳೆಯ ಸದ್ದು ಈ ಜನ್ಮದಲ್ಲಿ ಕೇಳಿಲ್ಲ. ಇಪ್ಪತ್ತೆರಡು ನಿಮಿಷ ಒಳಗಿದ್ದಳು. ಶೆಡ್ಡಿನ ಕ್ಲಿನಿಕ್ಕಿನ ಡಾಕ್ಟರ್ ಎರಡು ಗಂಟೆ ಪಕ್ಕದಲ್ಲೇ ಇಟ್ಟುಕೊಂಡು ನೋಡಿದರು. ಏನೂ ತೊಂದರೆ ಇಲ್ಲ ಅಂದರು. "ಇನ್ನೊಂದು ಸ್ವಲ್ಪ ಹೊತ್ತಾಗಿದ್ರೆ—" ಅಂದವರು ನನ್ನ ಮುಖ ನೋಡಿ ನಿಲ್ಲಿಸಿದರು.

ಸಂಜೆ 6

ಇವಳಿಗೆ ಹೇಳಿದ್ದು: ಬಿಸಿಲಿಗೆ ಮೈ ಬಿಸಿಯಾಗಿತ್ತು, ಡಾಕ್ಟರಿಗೆ ತೋರಿಸಿ ಮನೆಗೆ ಕರಕೊಂಡು ಬಂದೆ.

"ಪಾಪ, ರಜ ಹಾಕಿ ನೋಡ್ಕೊಂಡ್ರಾ?" ಅಂತ ಬೆನ್ನು ಸವರಿದಳು. ಭೂಮಿ ಬಾಯಿಬಿಡಬಾರದೇ ಅನಿಸಿತು.

ಮಾರ್ಚ್ 12, ಬುಧವಾರ

ಆರು ದಿನದಿಂದ ಪೆನ್ನು ಮುಟ್ಟಿಲ್ಲ.

ಕ್ಯಾಂಟೀನಿನಲ್ಲಿ ಯಜಮಾನರು ಎದುರು ಬಂದು ಕೂತರು. "ಮನೇಲಿ ಹೇಳಿದ್ಯಾ?"

ಇಲ್ಲ ಅಂದೆ. ಪ್ರೀತಿ ಇದ್ದವರು ಮರೀತಾರಾ ಸಾರ್, ಅಂತಲೂ ಅಂದೆ.

"ಸ್ಪ್ಯಾನರ್ ಮೇಲೆ ಪ್ರೀತಿ ಕಮ್ಮಿ ಅಂತ ಬಿಲ್ಲೆ ಇಟ್ಟಿಲ್ಲ ಕಣಪ್ಪ. ತಲೆ ಕೈಕೊಡುತ್ತೆ. ಎಲ್ಲರದ್ದೂ. ಆ ಸಾಕೆಟ್ ಎಲ್ಲಿತ್ತು ಗೊತ್ತಾ? ಫೋರ್‌ಮನ್ ಜೇಬಲ್ಲೇ! ಬಿಲ್ಲೆ ಇಲ್ದೆ ಹೋದ ಸಾಮಾನು, ಯಾರ ಹತ್ರ ಇದೆ ಅಂತಾನೇ ಯಾರಿಗೂ ಗೊತ್ತಾಗಲ್ಲ. ನೀನು ಮನೇಲಿ ಮುಚ್ಚಿಟ್ಟಿರೋದೂ ಹಾಗೇನೆ."

ಲೋಟ ಎತ್ತಿಕೊಂಡು ಹೋದರು.

ಮಾರ್ಚ್ 13, ಗುರುವಾರ

ಹೇಳಿದೆ. ಒಂದು ನಿಮಿಷವನ್ನೂ ಕಡಿಮೆ ಮಾಡದೆ ಹೇಳಿದೆ. ಬಟ್ಟೆ ಮಡಚುತ್ತಿದ್ದಳು. ಕೈಲಿದ್ದದ್ದನ್ನು ಕೆಳಗಿಟ್ಟಳು. ಬೋಲ್ಟನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

ಮಾರ್ಚ್ 24, ಸೋಮವಾರ

ಡ್ಯೂಟಿ ಬದಲಾಯಿಸಿಕೊಂಡಿದ್ದಾಳೆ. ಕಾರಿನ ಕೀ ಅವಳ ಬ್ಯಾಗಿನಲ್ಲಿ. ನಾನು ಬಸ್ಸು. ಸರಿಯೇ, ಅನುಭವಿಸಬೇಕು.

ಮನೆಯಲ್ಲಿ ಮರೆವಿನ ಮಾತೇ ಬರುವುದಿಲ್ಲ. ನಿನ್ನೆ ಸೋಪು ತರದೆ ಬಂದೆ. "ಇರಲಿ ಬಿಡಿ" ಅಂದಳು. ಮೊದಲಾಗಿದ್ದರೆ "ತಲೆ ಎಲ್ಲಿ ಬಿಟ್ಟು ಬಂದ್ರಿ?" ಅಂತ ಮನೆ ಮೇಲೆ ಕೆಳಗೆ ಮಾಡುತ್ತಿದ್ದಳು. ಆ ಬೈಗುಳಕ್ಕೆ ಜೀವ ಹಾತೊರೆಯುತ್ತಿದೆ.

ಮಾರ್ಚ್ 30, ಭಾನುವಾರ

ಇವಳೇ ಬಂದು ಪಕ್ಕದಲ್ಲಿ ಕೂತಳು. ನನ್ನ ಕಡೆ ನೋಡಲಿಲ್ಲ.

"ಡಿಸೆಂಬರ್‌ನಲ್ಲಿ ಒಂದಿನ ಕಾರು ನನ್ನ ಹತ್ರ ಇತ್ತಲ್ಲ, ನಾನೂ ಮಗೂನ ಬಿಡದೆ ಲ್ಯಾಬಿನವರೆಗೂ ಹೋಗ್ಬಿಟ್ಟಿದ್ದೆ. ಇಳಿದು ಬಾಗಿಲು ಹಾಕ್ಬೇಕು, ಹಿಂದೆ ಬಿಕ್ಕಳಿಕೆ ಕೇಳಿಸ್ತು. ನಂಗೆ ಕೇಳಿಸ್ತು, ನಿಮಗೆ ಕೇಳಿಸ್ಲಿಲ್ಲ. ಅಷ್ಟೇ ವ್ಯತ್ಯಾಸ. ಯಾರಿಗೂ ಹೇಳಿರ್ಲಿಲ್ಲ."

ಇಬ್ಬರೂ ಅತ್ತೆವು. ಬೋಲ್ಟು ಇಬ್ಬರನ್ನೂ ನೋಡಿ ಚಪ್ಪಾಳೆ ತಟ್ಟಿದಳು.

ಆಮೇಲೆ ಕಾರಿನ ಹತ್ತಿರ ಹೋದೆವು. ಮಗುವಿನ ಸೀಟಿನ ಪಕ್ಕ ಎರಡು ಕೊಕ್ಕೆ ಕೂರಿಸಿದೆ. ಬೋಲ್ಟು ಸೀಟಿಗೆ ಬಂದರೆ ನನ್ನ ಗೇಟ್ ಪಾಸು ಕೊಕ್ಕೆಗೆ. ಅದೇ ಬಿಲ್ಲೆ. ಪಾಸಿಲ್ಲದೆ ಶೆಡ್ಡಿನ ಗೇಟು ತೆರೆಯದು, ಹಿಂದಿನ ಬಾಗಿಲು ತೆಗೆಯದೆ ಪಾಸು ಸಿಗದು. ಎರಡನೇ ಕೊಕ್ಕೆ ಇವಳ ಲ್ಯಾಬ್ ಕೀಗೆ, ಅವಳೇ ಕೇಳಿ ಹಾಕಿಸಿಕೊಂಡಳು. ಎಂಟಕ್ಕೆ ಮಗು ಬರದಿದ್ದರೆ ಶಿಶುವಿಹಾರದ ಅಕ್ಕ ಇಬ್ಬರಿಗೂ ಫೋನ್ ಮಾಡಬೇಕು ಅಂತಲೂ ಮಾತಾಯಿತು.

ಏಪ್ರಿಲ್ 7, ಸೋಮವಾರ, ಬೆಳಿಗ್ಗೆ 7.50

ಶೆಡ್ಡಿನ ಎದುರು, ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ.

ಇವಳಿಗೆ ಮತ್ತೆ ಬೆಳಗಿನ ಡ್ಯೂಟಿ. ಬಾಗಿಲಲ್ಲಿ ಕೀ ಕೊಟ್ಟಳು. ಕೊಡುವ ಕೈ ಒಂದು ಕ್ಷಣ ಬಿಗಿಯಾಯಿತು. ಆಮೇಲೆ ಬಿಟ್ಟಳು.

ಬೋಲ್ಟನ್ನು ಅಕ್ಕನ ಕೈಗೆ ಕೊಟ್ಟೆ, ಒಂದೇ ಕಾಲುಚೀಲದ ಸಮೇತ. 'ಬಿಟ್ಟೆ' ಅಂತ ಇವಳಿಗೆ ಮೆಸೇಜ್ ಹಾಕಿದೆ. ಇಲ್ಲಿ ಬಂದು ಹಿಂದಿನ ಬಾಗಿಲು ತೆಗೆದೆ. ಸೀಟು ಖಾಲಿ. ಗೊತ್ತಿದ್ದೂ ಕೈಯಾಡಿಸಿ ನೋಡಿದೆ. ಪಾಸು ತಗೊಂಡೆ.

ಈಗಷ್ಟೇ ಇವಳ ಫೋನ್. ಮಗುವಿನ ವಿಷಯ ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ.

"ರೀ, ಸಂಜೆ ಬರ್ತಾ ಹಾಲು ತನ್ನಿ. ಮರೆತು ಬಂದ್ರೋ, ಬಾಗಿಲೇ ತೆಗೆಯಲ್ಲ ನೋಡಿ!"

ಮರೆತು ಅಂದಳು. ಅಂದೇಬಿಟ್ಟಳು! ಕಣ್ಣು ಒರೆಸಿಕೊಂಡೆ.

ಹಾಲು. ಅಂಗೈ ಮೇಲೆ ಬರೆದುಕೊಳ್ಳಬೇಕು, ಈ ತಲೆಯನ್ನು ನಂಬುವ ಕಾಲ ಮುಗಿಯಿತು. ಒಂದು ಲೀಟರ್ ಅಂದಳೋ, ಎರಡು—